ಕಿಲ್‌ಗ್ಯಾಲನ್‌ರ ಕಲ್ಲು

"ಇಲ್ಲ," ಎಂದಳು ಚರ್ಚಿನ ಸಮಾಧಿ ದಾಖಲೆ ನೋಡಿಕೊಳ್ಳುವ ಅಟ್ರಾಕ್ಟ. "ಕಿಲ್‌ಗ್ಯಾಲನ್ ಅನ್ನೋ ಹೆಸರೇ ಈ ಪುಸ್ತಕದಲ್ಲಿಲ್ಲ."

ಆ ಹೆಸರಿನ ಮೇಲೆಯೇ ಅವಳ ಅಂಗೈ ಇತ್ತು.

ಮೇಜಿನಾಚೆ ಕೂತಿದ್ದ ಡೆಸ್ಮಂಡ್ ಕಿಲ್‌ಗ್ಯಾಲನ್ ಆಸ್ಟ್ರೇಲಿಯಾದಿಂದ ಬಂದವನು. ಕಾಲ ಬಳಿ ನೀಲಿ ಚೀಲ, ಚೀಲದಲ್ಲಿ ಅಪ್ಪನ ಬೂದಿ. ಐರ್ಲೆಂಡಿನಲ್ಲಿ, ತನ್ನ ತಾತ ಅಜ್ಜಿಯ ಸಮಾಧಿಯಲ್ಲೇ ತನ್ನನ್ನೂ ಹೂಳಬೇಕೆಂದು ಅಪ್ಪ ಸಾಯುವಾಗ ಮಾತು ತೆಗೆದುಕೊಂಡಿದ್ದನಂತೆ. ಸ್ಲೈಗೊ ಸೀಮೆಯಲ್ಲಿ ಅವನು ಹುಡುಕಿದ ಆರನೆಯ ಚರ್ಚು ಇದು. ಸೋಮವಾರ ವಿಮಾನ.

"ನಮ್ಮ ತಾತ ಇದೇ ಊರು ಅಂತಿದ್ರು ಮೇಡಂ. ಅವರಿಗೊಬ್ಬ ತಮ್ಮ, ಹುಟ್ಟುತ್ತಲೇ ಹೋದನಂತೆ. ಅವನನ್ನಾದ್ರೂ ಬರೆದಿರ್ಬೇಕಲ್ವಾ?"

"ದೀಕ್ಷಾಸ್ನಾನ ಆಗದೆ ಸತ್ತ ಮಕ್ಕಳನ್ನ ಆಗೆಲ್ಲ ಪುಸ್ತಕಕ್ಕೂ ಸೇರಿಸ್ತಿರಲಿಲ್ಲ, ಸಮಾಧಿ ತೋಟಕ್ಕೂ ಸೇರಿಸ್ತಿರಲಿಲ್ಲ. ಗೋಡೆ ಆಚೆ ಮುಳ್ಳುಗಂಟಿ ಹೊಲ ಇದೆ ನೋಡಿ, ಅಲ್ಲಿ." ಬಸ್ಸಿನ ವೇಳೆ ಹೇಳುವವಳ ಹಾಗೆ ಹೇಳಿ ಪುಸ್ತಕ ಮುಚ್ಚಿದಳು.

ಅವನು ಸಮಾಧಿ ತೋಟವನ್ನೆಲ್ಲ ಸುತ್ತಿದ. ಒಂದು ವರ್ಷದ ಮಳೆಗೆ ಹಳೆಯ ಕಲ್ಲುಗಳ ಮುಖಕ್ಕೆಲ್ಲ ಮತ್ತೆ ಪಾಚಿ. ಒಂದಕ್ಷರ ಸಿಗದೆ ಹಿಂತಿರುಗಿದ.

ಗುಂಡಿ ತೋಡುವ ಪ್ಯಾಕಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಡೆಸ್ಮಂಡ್ ಹೋದದ್ದೇ ತಡ, ಹಲ್ಲು ಕಿಸಿದ.

"ಏನಕ್ಕಾ, ನಿನ್ನ ಕೆಳಗಿನ ಹೊಲ ಮೊದಲು ಕಿಲ್‌ಗ್ಯಾಲನ್ನರದ್ದೇ ಅಲ್ವಾ? ಮರಿಮಗ ಬಂದು ಎಲ್ಲಿ ಹಕ್ಕು ಕೇಳ್ತಾನೋ ಅಂತ ಪುಕಪುಕನಾ?"

"ಹಾಗೇ ಅಂದ್ಕೋ."

"ಸತ್ತೋನಿಗೆ ಎರಡಡಿ ಜಾಗ ಕೊಡೋಕೂ ಆಗಲ್ವಾ ನಿಂಗೆ?"

ಅವಳು ಪುಸ್ತಕವನ್ನು ಕಪಾಟಿಗಿಟ್ಟು ಬೀಗ ಹಾಕಿದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವಳ ಒಳಗು ಮರಗಟ್ಟಿ ಎಷ್ಟೋ ವರ್ಷವಾಗಿತ್ತು. ಇಷ್ಟು ಮಾತ್ರ ಗೊತ್ತಿತ್ತು: ಕಿಲ್‌ಗ್ಯಾಲನ್‌ರ ಕಲ್ಲಿನ ಬುಡಕ್ಕೆ ಗುದ್ದಲಿ ಬೀಳಕೂಡದು.

ಆ ವಾರ ಸಮಾಧಿ ಭಾನುವಾರ. ವರ್ಷಕ್ಕೊಮ್ಮೆ ಊರೆಲ್ಲ ತಮ್ಮ ತಮ್ಮವರ ಸಮಾಧಿಯ ಪಕ್ಕ ನಿಲ್ಲುತ್ತದೆ. ಪಾದ್ರಿಗಳು ಸಾಲುಸಾಲಾಗಿ ಪವಿತ್ರ ಜಲ ಚಿಮುಕಿಸಿಕೊಂಡು ಬರುತ್ತಾರೆ. ಯಾರೂ ನಿಲ್ಲದ ಸಮಾಧಿಯನ್ನು ದಾಟಿ ಮುಂದೆ ಹೋಗುತ್ತಾರೆ. ಅಟ್ರಾಕ್ಟ ಮದುವೆಯಾದ ಮರುವರ್ಷದಿಂದಲೂ ನಿಲ್ಲುತ್ತಿದ್ದದ್ದು ಕಿಲ್‌ಗ್ಯಾಲನ್‌ರ ಕಲ್ಲಿನ ಬಳಿ. ದಿಕ್ಕಿಲ್ಲದವರಿಗೂ ದಿಕ್ಕಾದವಳು ಎಂದು ಊರು ಹೊಗಳುತ್ತಿತ್ತು. ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ಗಂಡ ಜಾರ್ಲತ್ ಸಾಯುವಾಗಲೂ, "ನನ್ನ ಹತ್ರ ಬಂದು ನಿಲ್ಬೇಡ, ನೀನು ಅಲ್ಲೇ ನಿಲ್ಲು" ಅಂದಿದ್ದ. ಮೇಲಿನ ಸಾಲಿನಲ್ಲಿ ಅವನ ಪಕ್ಕ ಈಗ ಅವನ ತಂಗಿ ನಿಲ್ಲುತ್ತಾಳೆ.

ಶನಿವಾರ ಎಲ್ಲರೂ ಕಲ್ಲು ತೊಳೆಯುವ ದಿನ. ಅವಳೂ ಬಕೆಟ್ಟು, ಬ್ರಷ್ಷು ಹಿಡಿದು ಹೋದಳು. ವರ್ಷವರ್ಷದ ರೂಢಿ, ಕೈ ತನ್ನ ಪಾಡಿಗೆ ಉಜ್ಜಿತು. ಪಾಚಿಯೆಲ್ಲ ಇಳಿದು ಹೆಸರು ಎದ್ದು ಕಂಡಾಗಲೇ ಅವಳಿಗೆ ತಾನು ಮಾಡಿದ್ದು ತಿಳಿದದ್ದು. ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಮನೆಗೆ ಹೋದಳು.

ಭಾನುವಾರ ಡೆಸ್ಮಂಡ್ ನೀಲಿ ಚೀಲ ಹಿಡಿದು ಅವಳೆದುರೇ ಬಂದು ನಿಂತ. ಕಲ್ಲು ಓದಿದ. ಮತ್ತೊಮ್ಮೆ ಓದಿದ.

"ಪ್ರತಿ ವರ್ಷ ನಮ್ಮವರ ಪಕ್ಕ ನಿಲ್ತೀರಂತೆ. ಮತ್ಯಾಕೆ ಸುಳ್ಳು ಹೇಳಿದ್ರಿ? ಹೊಲಕ್ಕಾ? ನಂಗ್ಯಾವ ಹೊಲಾನೂ ಬೇಡ. ಅಪ್ಪನಿಗೆ ಕೊಟ್ಟ ಮಾತು ಉಳಿದ್ರೆ ಸಾಕು."

ಪ್ಯಾಕಿ ಆಗಲೇ ಗುದ್ದಲಿ ತಂದಿದ್ದ. "ಫಾದರ್ ಹೋದ್ಮೇಲೆ ಅಗಿತೀನಿ," ಎಂದು ಅದರ ತುದಿಯಿಂದ ಎಡ ಮೂಲೆಯಲ್ಲಿ ಗೆರೆ ಎಳೆಯಹೊರಟ.

"ಬಲಗಡೆ," ಎಂದಳು ಅಟ್ರಾಕ್ಟ. "ಎಡಗಡೆ ಬೇಡ ಕಣೋ."

"ಅಲ್ಲಿ ಯಾರಿದಾರೆ?" ಡೆಸ್ಮಂಡ್ ಕೇಳಿದ.

"ಪುಸ್ತಕದಲ್ಲಿಲ್ಲದವರು."

ಅವನು ಎಡ ಮೂಲೆಯ ಹುಲ್ಲಿನತ್ತ ಬಗ್ಗಿ ನೋಡಿದ. "ತಾತನ ತಮ್ಮನಾ? ಗೋಡೆ ಆಚೆ ಅಂದಿದ್ರಲ್ಲ?"

ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

"ಬಲಗಡೆನೇ ಅಗೀರಿ," ಎಂದು ಅವನು ಪ್ಯಾಕಿಗೆ ಹೇಳಿ, ಟೋಪಿ ತೆಗೆದು ಅವಳ ಪಕ್ಕದಲ್ಲಿ ನಿಂತುಕೊಂಡ.

ಪಾದ್ರಿಗಳು ಬಂದರು. ಅಟ್ರಾಕ್ಟ ಪ್ರತಿ ವರ್ಷದಂತೆ ಒಂದು ಹೆಜ್ಜೆ ಸರಿದು ಎಡ ಮೂಲೆಯನ್ನು ಬಿಟ್ಟುಕೊಟ್ಟಳು. ನಾಲ್ಕೈದು ಹನಿ ಹುಲ್ಲಿನ ಮೇಲೆ ಬಿದ್ದವು.

ಹೆತ್ತ ಮೂರನೆಯ ದಿನ, ಬೆಳಕು ಹರಿಯುವ ಮೊದಲು, ಜಾರ್ಲತ್ ಡೇರಿಯ ಬೆಣ್ಣೆ ಪೆಟ್ಟಿಗೆಯಲ್ಲಿಟ್ಟು ತಂದು ಯಾರೂ ಕೇಳುವವರಿಲ್ಲದ ಆ ಕಲ್ಲಿನ ಬುಡದಲ್ಲಿ ಬಚ್ಚಿಟ್ಟಿದ್ದ, ದೀಕ್ಷಾಸ್ನಾನ ಕಾಣದೆ ಸತ್ತ ಅವಳ ಮಗಳ ತಲೆಗೆ ಪವಿತ್ರ ಜಲ ಬಿದ್ದದ್ದು ಅದು ನಲವತ್ತನಾಲ್ಕನೆಯ ಸಲ.