ಹಾಸಿಗೆಯಡಿಯ ಮಾತ್ರೆ

"ಎಷ್ಟು ಮಾತ್ರೆ ನುಂಗಿದೆ?" ಹನ್ನೊಂದು ತಿಂಗಳ ಕೂಸಿನ ಎದೆಯ ಮೇಲಿಂದ ಸ್ಟೆತಸ್ಕೋಪ್ ತೆಗೆಯದೆಯೇ ಡಾಕ್ಟರಮ್ಮ ಕೇಳಿದರು.

"ಒಂದೇ," ಎಂದಳು ಸೊಸೆ. "ಮಾವನವರ ಎದೆಬಡಿತದ ಮಾತ್ರೆ. ಮಗುಗಿಂತ ಹಠ ಇವರದ್ದು, ದಿನಾ ಒಂದೊಂದೇ ಕೈಗೆ ಕೊಟ್ಟು, ಬಾಯಿಗೆ ಹಾಕ್ಕೊಳ್ಳೋವರೆಗೂ ಎದುರಿಗೇ ನಿಂತಿರ್ತೀನಿ. ಇವತ್ತಿಂದು ಎಲ್ಲೋ ಕೈಜಾರಿರ್ಬೇಕು."

"ಒಂದಾದ್ರೂ ಅಪಾಯವೇ, ಆದ್ರೆ ಇಲ್ಲೇ ನೋಡ್ಕೋತೀನಿ. ಹೆಚ್ಚಾಗಿದ್ರೆ ಈ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಸರಿಯಾಗಿ ಹೇಳಿ."

"ಒಂದೇ ಡಾಕ್ಟ್ರೇ. ನನ್ನ ಲೆಕ್ಕ ತಪ್ಪಲ್ಲ."

ಅಜ್ಜ ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಆ ಮಾತ್ರೆ ನುಂಗಿದರೆ ತಲೆ ಸುತ್ತಿ, ಬೆಳಗಿನ ಪ್ರಾರ್ಥನೆಗೆ ಕೂರಲೂ ಆಗುತ್ತಿರಲಿಲ್ಲ. ಅದಕ್ಕೇ ಅದನ್ನು ನಾಲಿಗೆಯಡಿ ಇಟ್ಟುಕೊಂಡು, ಸೊಸೆ ಅತ್ತ ತಿರುಗಿದ ಮೇಲೆ ಹಾಸಿಗೆಯಡಿ ಸಿಕ್ಕಿಸುತ್ತಿದ್ದರು. ಮಗು ಬಾಯಿ ಚಪ್ಪರಿಸುತ್ತ ಕೂತಿದ್ದುದು ಅದೇ ಹಾಸಿಗೆಯ ಪಕ್ಕದಲ್ಲಿ. ಮನೆಯಿಂದ ಹೊರಡುವ ಮುಂಚೆ ಅವರು ಅಲ್ಲಿ ಕೈಯಾಡಿಸಿದ್ದರು, ಒಂದೂ ಉಳಿದಿರಲಿಲ್ಲ. ಹೇಳಿದರೆ ಆ ಕೂಸನ್ನು ಇನ್ನು ಯಾರೂ ಈ ಅಜ್ಜನ ತೊಡೆಯ ಮೇಲೆ ಕೂರಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ದೇವರನ್ನು ಕರೆಯೋಣವೆಂದರೆ, ಯಾವ ಮುಖವಿಟ್ಟುಕೊಂಡು ಕರೆಯುವುದು? ಮಗುವಿನ ಕೈಬೆರಳುಗಳು ಆಗಲೇ ನೀಲಿಗಟ್ಟುತ್ತಿದ್ದವು.

"ಒಂದಲ್ಲ ತಾಯಿ, ಆರು," ಎಂದರು. "ಆರು ದಿನದಿಂದ ಕೊಟ್ಟದ್ದನ್ನ ನಾನು ನುಂಗ್ತಿರಲಿಲ್ಲ. ಹಾಸಿಗೆಯಡಿ ಬಚ್ಚಿಡ್ತಿದ್ದೆ."

ಡಾಕ್ಟರಮ್ಮ ಆಂಬ್ಯುಲೆನ್ಸಿಗೆ ಕೂಗಿದರು. ಸೊಸೆ ಮಗುವನ್ನು ಎದೆಗವಚಿಕೊಂಡು, ಮಾವನವರ ಪಂಚೆಯ ಅಂಚೂ ತಾಕದಂತೆ ದೂರ ಸರಿದು, ಬಾಗಿಲು ದಾಟಿದಳು.