ಪೂರ್ತಿ ಓದಿದರೆ ನಿಲ್ಲುವ ಕೊಂಡಿ

ಆ ಕಾಲದಲ್ಲಿ ಸಂಶೋಧನಾ ಲೇಖನಗಳು ಬೆಳಗಾದರೆ ಅಂತರಜಾಲದ ವಿಳಾಸ ಬದಲಿಸುತ್ತಿದ್ದವು. ಯಾರಾದರೂ ಒಮ್ಮೆ ಪೂರ್ತಿ ಗಟ್ಟಿಯಾಗಿ ಓದಿದ ಲೇಖನದ ಕೊಂಡಿ ಮಾತ್ರ ಶಾಶ್ವತವಾಗಿ ನಿಲ್ಲುತ್ತಿತ್ತು.

ಹನ್ನೊಂದಕ್ಕೆ ಪ್ರಾಧ್ಯಾಪಕ ಇಮಾಮಸಾಬರ ಆನ್‌ಲೈನ್ ಪಾಠವಿತ್ತು. ಧಾರವಾಡದ ಕಾಲೇಜೊಂದರ ಗ್ರಂಥಪಾಲಕಿ ಸುಮಿತ್ರಾ ಹಂಚಿನಮನಿ ಅದಕ್ಕೆ ಬೇಕಾದ ಶೇಂಗಾ ರೋಗದ ಲೇಖನ ಓದಿ ಮುಗಿಸಿದರೂ ಕೊಂಡಿ ನಿಲ್ಲಲಿಲ್ಲ.

"ಏನರ ಬಿಟ್ಟೀರೇನ್ರಿ ಮೇಡಂ?" ಎಂದರು ಇಮಾಮಸಾಬ.

"ಕಡೀಗಿನ ಕೃತಜ್ಞತೆ ಬಿಟ್ಟೀನ್ರಿ ಸರ್. ಅದನ್ನ ಯಾರ್ ಓದತಾರ?"

"ಓದ್ರಿ. ಬರೆದವರಿಗೆ ಅದೂ ಲೇಖನಾನ."

ಪ್ರಯೋಗಕ್ಕೆ ಹೊಲ ಕೊಟ್ಟ ಹದಿನೇಳು ಜನರ ಹೆಸರನ್ನು ಸುಮಿತ್ರಾ ಒಂದೊಂದಾಗಿ ಓದಿದರು. ಕೊನೆಯ ಹೆಸರು ಮುಗಿಯುತ್ತಲೇ ಕೊಂಡಿ ನಿಂತಿತು.

ಪಾಠ ಶುರುವಾದಾಗ ಅರವತ್ತೂ ಮಂದಿಗೆ ಲೇಖನ ತೆರೆದುಕೊಂಡಿತು. ಅಷ್ಟರಲ್ಲಿ ಪರದೆಯಿಂದ ಒಬ್ಬಳು ವಿದ್ಯಾರ್ಥಿನಿ ಕೂಗಿದಳು: "ಸರ್, ಇದರಾಗ ನಮ್ಮಜ್ಜಿ ಹೆಸರೈತಿ!"

ಇಮಾಮಸಾಬರ ಕೋಣೆಯ ಬಾಗಿಲ ಬಳಿ ನಿಂತು ಕೇಳಿಸಿಕೊಂಡ ಸುಮಿತ್ರಾಗೆ ಹೊಟ್ಟೆ ತುಂಬಿದಂತಾಯಿತು.