ಸಹಜಾಭಿನಯ

ಕಾಫಿ ತೋಟದ ಕೂಲಿಗಳ ಮುಷ್ಕರದ ಮೇಲೆ ಅಗ್ಗದಲ್ಲಿ ತೆಗೆದ ಕೌಬಾಯ್ ಸಿನಿಮಾದ ಮೊದಲ ಆಟ ಮುಗಿದಿತ್ತು. ನಿರ್ದೇಶಕ ಬಾಗಿಲಲ್ಲೇ ನಿಂತು ಅಭಿಪ್ರಾಯ ಕೇಳುತ್ತಿದ್ದ.

"ಕುದುರೆ ಒಂದೇ ಅಲ್ವಾ ಸಾರ್? ಹೀರೋ ಇಳಿದ ಮೇಲೇ ವಿಲನ್ ಹತ್ತುತ್ತಾನೆ," ಎಂದ ಒಬ್ಬ.

"ಪಿಸ್ತೂಲೂ ದೀಪಾವಳೀದೇ," ಎಂದಳು ಅವನ ಹೆಂಡತಿ. "ಆದ್ರೆ ಆ ಮುಷ್ಕರದ ಸೀನು! ಕೂಲಿಯವರ ಕಣ್ಣಲ್ಲಿ ನಿಜವಾದ ಸಿಟ್ಟಿತ್ತು."

ನಿರ್ದೇಶಕನ ಎದೆ ಉಬ್ಬಿತು. "ಆ ಸಿಟ್ಟು ಬರ್ಲಿ ಅಂತ ಒಂದು ವಾರ ತರಬೇತಿ ಕೊಟ್ಟಿದ್ದೀನಮ್ಮಾ."

ಆ ಸೀನಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ತೋಟದ ಕೆಲಸದಾಕೆ ಹಿಂದಿನಿಂದ ನಕ್ಕಳು.

"ಅದು ತರಬೇತಿಯಲ್ಲ ಸ್ವಾಮಿ, ಉಪ್ಪಿಟ್ಟು! ಒಂದು ವಾರ ಮೂರು ಹೊತ್ತೂ ಅದನ್ನೇ ತಿನ್ಸಿದ್ರಿ. ಅವತ್ತು ನಾವು ಕೂಗಾಡಿದ್ದು ನಿಮ್ಮ ಮೇಲೆ. ಕ್ಯಾಮೆರಾ ಓಡ್ತಿತ್ತು ಅಂತ ನಮಗೆ ಇವತ್ತೇ ಗೊತ್ತಾಗಿದ್ದು!"